ನೀನು ನಿಲ್ಲಿಸುತ್ತಿದ್ದ ಜಾಗ

ಅಪ್ಪಾ,

ಇದು ನಿನಗೆ ಮುಟ್ಟೋದಿಲ್ಲ ಅಂತ ಗೊತ್ತಿದ್ದೂ ಬರೀತಿದೀನಿ. ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ.

ಇವತ್ತು ನಿನ್ನ ನೆನಪಿಗೆ ಅಂತ ನೀನು ಕಟ್ಟಿದ ಜಾಜ್ ಟ್ಯೂನ್ ನುಡಿಸಿದರು. ವೇದಿಕೆ ತುಂಬ ಸ್ಯಾಕ್ಸೋಫೋನು. ತಲೆ ನರೆತ ನಿನ್ನ ಶಿಷ್ಯರು, ನಿನ್ನ ಮುಖವನ್ನೇ ನೋಡಿರದ ಅವರ ಶಿಷ್ಯರು. ಟ್ಯೂನು ಏರಿ ಏರಿ ತುದಿ ಮುಟ್ಟುವಾಗ ಅಷ್ಟೂ ಜನ ಒಟ್ಟಿಗೆ ನಿಲ್ಲಿಸಿಬಿಟ್ಟರು. ಸೂಜಿ ಬಿದ್ದರೂ ಕೇಳಿಸೋ ಅಂಥ ಮೌನ. ಆಮೇಲೆ ಮೆಲ್ಲಗೆ ಮುಂದುವರಿಸಿದರು.

"ಮೇಷ್ಟ್ರ ಇಡೀ ತತ್ವ ಈ ಮೌನದಲ್ಲಿದೆ," ಅಂತ ಪಕ್ಕದ ಸೀಟಿನ ವಿಮರ್ಶಕರು ಕಣ್ಣೊರೆಸಿಕೊಂಡರು.

ಅಮ್ಮ ನನ್ನ ಕಿವಿಯಲ್ಲಿ ಉಸುರಿದಳು: "ತತ್ವವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಮನೇಲಿ ಪಾಠ ಹೇಳ್ವಾಗ, ಒಳಗೆ ಮಲಗಿದ್ದ ನೀನು ಎದ್ದೆಯೇನೋ ಅಂತ ನಿಮ್ಮಪ್ಪ ಅಲ್ಲಿ ನಿಲ್ಲಿಸಿ ಕಿವಿಗೊಡೋರು. ಇವರು ಅದನ್ನೂ ಕಲಿತುಬಿಟ್ಟಿದಾರೆ!"

ನನ್ನ ಹೆಸರೂ ಗೊತ್ತಿಲ್ಲದ ಜನ, ಎಲ್ಲೆಲ್ಲೋ, ನಾನು ಎದ್ದೆನೇನೋ ಅಂತ ಊದೋದು ನಿಲ್ಲಿಸಿ ಕಾಯ್ತಾರಲ್ಲಪ್ಪಾ!

ಒಂದು ಮಾತು ಹೇಳಲಾ? ನಾನು ದಿನಾ ಎಚ್ಚರವಾಗೇ ಇರ್ತಿದ್ದೆ. ಗೊತ್ತಾದರೆ ನೀನು ಊದೋದು ಬಿಟ್ಟುಬಿಡ್ತೀಯ ಅಂತ, ಉಸಿರು ಬಿಗಿಹಿಡಿದು ಮಲಗಿರ್ತಿದ್ದೆ.