ಕೆಂಪು ದಾರ ಕಟ್ಟಿದ ಲೋಟ

ರೀ,

ಹಲ್ಲಿನ ಡಾಕ್ಟರ ಹತ್ತಿರ ಹೊರಟೆ. ಹೌದು, ಆ ಹೊಸ ಬ್ಯಾಕ್ಟೀರಿಯಾ ಹಲ್ಲಿಗೆ ಹಚ್ಚಿಸಿಕೊಳ್ಳೋಕೇ. ಫೋನ್ ಮಾಡಿ ತಲೆ ತಿನ್ನಬೇಡಿ, ನಾನು ಎತ್ತಲ್ಲ.

ಹಾಲು ಆರಿದ ಮೇಲೆ ಫ್ರಿಜ್ಜಿನಲ್ಲಿಡಿ.

"ಲ್ಯಾಬಲ್ಲಿ ತಿದ್ದಿದ ಹುಳನ ಬಾಯಲ್ಲಿ ಸಾಕ್ತಾಳಂತೆ" ಅಂತ ನಿನ್ನೆ ನಿಮ್ಮಕ್ಕನ ಮುಂದೆ ನಕ್ಕಿರಲ್ಲ? ಈಗ ಸಾಕಿರೋವು ಸಕ್ಕರೆ ತಿಂದು ಆಸಿಡ್ ಕಾರಿ ನನ್ನ ಹಲ್ಲನ್ನೇ ಕೊರೀತಿವೆ. ತಿದ್ದಿದವು ಆಸಿಡ್ ಮಾಡಲ್ವಂತೆ, ಹಳೇವನ್ನ ಓಡಿಸಿ ಅಲ್ಲೇ ಬೀಡು ಬಿಡ್ತವಂತೆ. ದಿನವಿಡೀ ಹೊಲಿಯೋಳು ನಾನು, ದಾರ ಕಚ್ಚಿದ್ರೂ ಜೀವ ಹೋಗುತ್ತೆ. ನಗೋರು ನಗಲಿ.

ಇಸ್ತ್ರಿ ಬಟ್ಟೆ ಕುರ್ಚಿ ಮೇಲಿದೆ, ಅದರ ಮೇಲೆ ಕೂರಬೇಡಿ.

ನಾನು ಕುಡೀತಿರೋ ಟೀಯಲ್ಲಿ ಗುಟುಕು ಕದಿಯೋ ಚಾಳಿ ನಿಮ್ಮದು. ಎಂಜಲಿಂದ ಅವು ನಿಮಗೂ ದಾಟಬಹುದು ಅಂದರು ಡಾಕ್ಟರು. ನಿಮ್ಮ ಹುಳುಕು ನನಗೆ ದಾಟಿದಾಗ ಯಾರೂ ನನ್ನನ್ನ ಕೇಳಲಿಲ್ಲ. ಆದರೂ ನಾನು ನಿಮ್ಮನ್ನ ಕೇಳದೆ ಕೊಡೋಳಲ್ಲ. ಅದಕ್ಕೇ ನನ್ನ ಲೋಟಕ್ಕೆ ಕೆಂಪು ದಾರ ಬಿಗಿದು ಕಟ್ಟಿದೀನಿ.

ಸಂಜೆ ಬಂದು ಟೀ ಮಾಡ್ತೀನಿ. ಹೆದರಿಕೆ ಇದ್ದರೆ ನಿಮ್ಮ ಲೋಟ ಹಿಡ್ಕೊಂಡು ಆ ಮೂಲೇಲಿ ಕೂತ್ಕೊಳ್ಳಿ. ನನ್ನ ಗುಟುಕೇ ಬೇಕಾದರೆ ಆ ದಾರ ನೀವೇ ಬಿಚ್ಚಿ. ನಾನಂತೂ ಬಿಚ್ಚಲ್ಲ.