ಹಡಗು ಮುಳುಗಿತಾ?

ಜನವರಿ 6, ಸೋಮವಾರ
ಎಂದಿನಂತೆ ಸಂಜೆ ಲೈಬ್ರರಿ ತೆಗೆದೆ. ಪೇಪರು ಜೋಡಿಸಿಟ್ಟೆ. ಕ್ಯಾರಂ ಆಡುವವರು ಬಂದರು. ಓದುವವರು ಬರಲಿಲ್ಲ. ತಲೆ ಮಾತ್ರ ನಿನ್ನೆಯ ಸಭೆಯಲ್ಲೇ ಇದೆ.

ಸುತ್ತಲಿನ ಲೈಬ್ರರಿಗಳೆಲ್ಲ ಸೇರಿದ್ದವು. ತಮ್ಮಲ್ಲಿ ನಡೆಯುವ ಒಳ್ಳೆಯ ಕೆಲಸ ಒಬ್ಬೊಬ್ಬರೂ ಹೇಳಬೇಕು, ಉಳಿದವರು ಕಲಿಯಬೇಕು. ಒಬ್ಬರದು ಮಕ್ಕಳ ನಾಟಕ, ಒಬ್ಬರದು ಬೀಜ ವಿನಿಮಯ. ನಮ್ಮಲ್ಲಿ ಏನಿದೆ? ಕ್ಯಾರಂ. ಹಾಗಂತ ಸೆಕ್ರೆಟರಿ ಅಂಬು, ಅಂದರೆ ನಾನು, ಬಿಡುವವನೇ? ಕಂಪನಿಯಲ್ಲಿ ಬೀಡಿ ಸುತ್ತುವವರಿಗೆಲ್ಲ ದಿನವಿಡೀ ಪೇಪರು ಓದಿ ಹೇಳಿದ ಗಂಟಲು ಇದು! ಎದ್ದು ನಿಂತೆ. ಹಾಸಿಗೆ ಹಿಡಿದವರ ಮನೆಗೆ ನಾವೇ ಹೋಗಿ ದಿನಾ ಪುಸ್ತಕ ಓದಿ ಹೇಳುತ್ತೇವೆ, ಎರಡು ವರ್ಷದಿಂದ — ಅಂದುಬಿಟ್ಟೆ. ಏನು ಚಪ್ಪಾಳೆ!

ಚಪ್ಪಾಳೆಗೇ ನಿಂತಿದ್ದರೆ ಚೆನ್ನಾಗಿತ್ತು. ಹೊಳೆಯಾಚೆಯ ಲೈಬ್ರರಿಯ ಸೌದಾಮಿನಿ ಟೀಚರು ಎದ್ದರು. "ನಾವೂ ಶುರು ಮಾಡ್ತೇವೆ ಅಂಬಣ್ಣ. ಹದಿನೈದಕ್ಕೆ ನೋಡಲಿಕ್ಕೆ ಬರ್ತೇವೆ. ನಿಮ್ಮಲ್ಲಿಲ್ಲದ ಪುಸ್ತಕ ನಮ್ಮಿಂದ ತಗೊಳ್ಳಿ." ಇವತ್ತೇ ಒಂದು ಪೆಟ್ಟಿಗೆ ಬಂತು.

ಪೆಟ್ಟಿಗೆ ಬಿಚ್ಚುತ್ತ ಸಜಿನ ಕೇಳಿದಳು. ತಂಗಿಯ ಮಗಳು, ನಮ್ಮ ಲೈಬ್ರೇರಿಯನ್. "ಮಾವ, ಯಾರಿಗೆ ಓದಿ ಹೇಳ್ತೀರಿ ನೀವು? ಗೋಡೆಗಾ?"

ಜನವರಿ 7
ಕೋರಣ್ಣನ ಮನೆಗೆ ಹೋದೆ. ಕಂಪನಿಯಲ್ಲಿ ನನ್ನೆದುರು ಕೂತು ಬೀಡಿ ಸುತ್ತುತ್ತ ಕೇಳುತ್ತಿದ್ದವನು. ಲಕ್ವ ಹೊಡೆದು ವರ್ಷಗಳಿಂದ ಮಲಗಿದ್ದಾನೆ. ನಾಲಗೆಗೆ ಮಾತ್ರ ಹೊಡೆದಿಲ್ಲ.

"ಹದಿನೈದಕ್ಕೆ ಜನ ಬರ್ತಾರೆ. ಅಂಬು ಎರಡು ವರ್ಷದಿಂದ ಓದಿ ಹೇಳ್ತಾನೆ ಅಂತ ಒಂದು ಮಾತು ಹೇಳಿಬಿಡು."

"ಹೇಳುವಾ. ಏನು ಓದಿದ ಅಂತ ಕೇಳಿದರೆ?"

"ಏನೋ ಒಂದು..."

"ಏನೋ ಒಂದು ಅಂತ ಪುಸ್ತಕ ಉಂಟಾ ಅಂಬೂ? ಕೂತ್ಕೋ. ಎರಡು ವರ್ಷದ ಓದು ಬಾಕಿ ಉಂಟು. ಹದಿನೈದರೊಳಗೆ ಮುಗಿಸು."

ಅವನ ಹೆಂಡತಿ ನಾಣಿಯಕ್ಕ ಮಂಚದ ಪಕ್ಕ ನನಗೊಂದು ಸ್ಟೂಲು ಹಾಕಿ, ಹಾಲಿಲ್ಲದ ಕಟ್ಟನ್ ಚಾಯ ತಂದಿಟ್ಟು ಬಾಗಿಲ ಹಿಂದೆ ಸರಿದಳು.

ಜನವರಿ 10
ಗಂಟಲು ಕಾದ ಬಾಣಲೆ. ಪೆಟ್ಟಿಗೆಯಲ್ಲಿದ್ದ ಅತಿ ದಪ್ಪದ ಕಾದಂಬರಿಯನ್ನೇ ಆರಿಸಿದ್ದಾನೆ, ಕಟುಕ ಕೋರಣ್ಣ. ಬಿರುಗಾಳಿಗೆ ಸಿಕ್ಕ ಹಡಗು, ಅದರಲ್ಲಿ ಅಣ್ಣ ತಮ್ಮ... ಒಂದು ಕಷ್ಟದ ಪದ ಹಾರಿಸಿದೆ.

"ನುಂಗಿದೆ! ಕಂಪನಿಯಲ್ಲೂ ಹೀಗೇ ನುಂಗ್ತಿದ್ದೆ. ಹಿಂದೆ ಹೋಗು."

ಆ ಕೋಣೆಗೆ ಒಂದೇ ಕಿಟಕಿ. ಅದರಾಚೆ ತೆಂಗಿನ ಸಿಪ್ಪೆಯ ರಾಶಿ. ಸರಿ ಇರುವ ಕೈಯಲ್ಲಿ ನಾನುಟ್ಟ ಮುಂಡಿನ ಅಂಚು ಹಿಡಿದೇ ಮಲಗುತ್ತಾನೆ. ನಾನು ಎದ್ದರೆ ಮುಂಡು ಅಲ್ಲೇ ಉಳಿಯುತ್ತದೆ. ಹಡಗಿನವರ ಪಾಡೇ ವಾಸಿ.

ಜನವರಿ 15, ಬುಧವಾರ
ಹರತಾಳ! ಬಸ್ಸಿಲ್ಲ. ಬರಲಾಗುವುದಿಲ್ಲ ಅಂತ ಟೀಚರ ಫೋನು. ಬದುಕಿದೆಯಾ ಬಡಜೀವವೇ! ಮೀನು ಸಾರು, ಅನ್ನ, ನಿದ್ದೆ.

ಸಂಜೆ ಸಜಿನ ಬಂದಳು. "ಕೋರಣ್ಣ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕಾಯ್ತಾ ಇದ್ದರಂತೆ."

ಹರತಾಳ ಕರೆದದ್ದು ನಾನಾ?

ಜನವರಿ 23
ಇಷ್ಟು ದಿನ ಆ ದಾರಿಗೇ ಹೋಗಲಿಲ್ಲ. ಇವತ್ತು ನಾಣಿಯಕ್ಕ ಲೈಬ್ರರಿಯ ಮೆಟ್ಟಿಲು ಹತ್ತಿ ಬಂದಳು. ಇದೇ ಮೊದಲು. ಕ್ಯಾರಂ ನಿಂತಿತು.

"ಅವರು ಗಂಜಿ ಕುಡಿಯೋದಿಲ್ಲ. ನೀನು ಬರ್ತಿದ್ದ ಹೊತ್ತು, ನಾಲ್ಕಾದರೆ ಬಾಗಿಲು ತೆರೆದಿಡು ಅಂತಾರೆ." ಸೆರಗು ತಿರುವಿದಳು. "ಅಂಬೂ... ಹಡಗು ಮುಳುಗಿತಾ?"

ಹೋದೆ. ಕೋರಣ್ಣ ಬೈಯಲಿಲ್ಲ. ಬೈದಿದ್ದರೆ ಜಗಳ ಮಾಡಿ ಎದ್ದು ಬರುತ್ತಿದ್ದೆ. ಸುಮ್ಮನೆ ಮುಂಡಿನ ಅಂಚು ಹಿಡಿದ. ಓದಿದೆ.

ಫೆಬ್ರವರಿ 10
ಟೀಚರ ಫೋನು. ನೋಡಲು ಬರುವವರೆಗೂ ಕಾಯದೆ ಅವರು ಶುರು ಮಾಡಿಯೇ ಬಿಟ್ಟಿದ್ದಾರೆ! ಅವರನ್ನು ನೋಡಿ ಇನ್ನೆರಡು ಲೈಬ್ರರಿಗಳು. "ಎಲ್ಲ ನೀವು ಹೇಳಿದ ಹಾಗೇ, ಅಂಬಣ್ಣ." ಎದೆ ಉಬ್ಬಿತು. ಅಷ್ಟರಲ್ಲೇ —

"ನಮ್ಮ ಒಬ್ಬ ಅಜ್ಜಿ ನಿನ್ನೆ ತೀರಿಕೊಂಡರು. ಪುಸ್ತಕ ಅರ್ಧದಲ್ಲಿ ಉಂಟು. ಇಂಥ ಹೊತ್ತಿಗೆ ನಿಮ್ಮಲ್ಲಿ ಏನು ಮಾಡ್ತೀರಿ? ನಿಮಗೆ ಎರಡು ವರ್ಷದ ಅನುಭವ ಅಲ್ಲವಾ?"

ನಾಳೆ ಹೇಳುತ್ತೇನೆ ಅಂದೆ.

ಫೆಬ್ರವರಿ 11
ಕೋರಣ್ಣನಿಗೆ ಉಸಿರು ಸಾಲುತ್ತಿಲ್ಲ. ಬೆಳಗ್ಗೆ ನರ್ಸ್ ಬಂದು ನಾಣಿಯಕ್ಕನನ್ನು ಹೊರಗೆ ಕರೆದು ಮಾತಾಡಿ ಹೋದಳಂತೆ.

"ಯಾಕೆ ಇಷ್ಟು ನಿಧಾನ ಓದ್ತೀಯಾ? ಗಂಟೆಗಿಷ್ಟು ಅಂತ ಕೂಲಿ ಉಂಟಾ?"

ಹಾಳೆ ಬೇಗ ಮುಗಿದರೆ ಅಂತ ನನಗೆ ಭಯ. ಮಾತು ತಿರುಗಿಸಿ ಹೊಳೆಯಾಚೆಯ ಅಜ್ಜಿಯ ಸಂಗತಿ ತೆಗೆದೆ. ಅಲ್ಲಿಯವರು ಕೇಳುತ್ತಿದ್ದಾರೆ, ಏನು ಹೇಳಲಿ?

ಬಾಗಿಲ ಕಡೆ ನೋಡಿದ. ಚೌಕಟ್ಟಿನಂಚಿನಲ್ಲಿ ಸೀರೆಯ ಒಂದು ತುಣುಕು ಕಾಣುತ್ತಿತ್ತು.

"ಓದಿ ಮುಗಿಸಬೇಕು ಅಂತ ಹೇಳು. ಬಾಗಿಲ ಹಿಂದೆ ಕೇಳ್ತಾ ನಿಂತವಳು ಎಲ್ಲಿಗೆ ಹೋಗ್ಬೇಕು?"

ಟೀಚರಿಗೆ ಫೋನ್ ಮಾಡಿ ಹೇಳಿದೆ — ಓದಿ ಮುಗಿಸುತ್ತೇವೆ. ನಮ್ಮಲ್ಲಿ ಅದೇ ಪದ್ಧತಿ.

ಫೆಬ್ರವರಿ 19
ಕೋರಣ್ಣ ಹೋಗಿ ನಾಲ್ಕು ದಿನ. ಲೈಬ್ರರಿಗೆ ಬೀಗ. ಸಜಿನ ಕ್ಯಾರಂ ಬೋರ್ಡು ಗೋಡೆಗೆ ಆನಿಸಿಟ್ಟಿದ್ದಾಳೆ. ಯಾರೂ ಕೇಳಲಿಲ್ಲ.

ಬೆಳಗ್ಗೆ ದಾರಿಯಲ್ಲಿ ನಾಣಿಯಕ್ಕ ಸಿಕ್ಕಳು. ಅಳಲಿಲ್ಲ. "ಸ್ಟೂಲು ಅಲ್ಲೇ ಇಟ್ಟಿದ್ದೇನೆ ಅಂಬೂ" ಅಂದಳು. ಅಷ್ಟೇ.

ಇನ್ನು ಎರಡು ಅಧ್ಯಾಯ ಇದೆ. ಹಡಗಿಗೆ ದಡ ಕಂಡಿಲ್ಲ. ಈಗ ಮುಂಡಿನ ಅಂಚು ಹಿಡಿಯುವವರಿಲ್ಲ, ಯಾವಾಗ ಬೇಕಾದರೂ ಎದ್ದು ಬರಬಹುದು... ನಾಲ್ಕಾಯಿತು. ಕನ್ನಡಕ ಎಲ್ಲಿ —