ಬೇರೆ ಬರಿಯ ಮದ್ದು

ಬೆಂಗ್ರೆ,
ಗುರುವಾರ ಬೆಳಿಗ್ಗೆ

ನನ್ನ ಫೋನು ಎತ್ತದ ಅಶ್ಮಿತಾಳಿಗೆ ನಿನ್ನ ಮಾಮಿಯ ಆಶೀರ್ವಾದ.

ನಿನ್ನ ಗಂಜಿಯ ಬುತ್ತಿಯ ಮುಚ್ಚಳದಡಿ ಈ ಕಾಗದ ಇಟ್ಟಿದ್ದೇನೆ. ಅತ್ತೆಯ ಫೋನು ಕಟ್ ಮಾಡಬಹುದು, ಹಸಿವಾದಾಗ ಮುಚ್ಚಳ ತೆಗೆಯಲೇಬೇಕಲ್ಲ. ನಾನು ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು, ಬರಹ ಓರೆಕೋರೆ ಉಂಟು. ತಪ್ಪು ಹುಡುಕುತ್ತ ಕೂರಬೇಡ, ಪೂರ್ತಿ ಓದು.

ನಿನ್ನೆ ಮಗು ನಿರೀಕ್ಷಾಳ ಕೈ ಮತ್ತೆ ಎಳೆಯಿತಂತೆ. ಜಾನೆಟ್ ಸಿಸ್ಟರ್ ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿದಳು. ಸೋಂಕು ತಗಲುತ್ತದೆ ಎಂದು ನನ್ನನ್ನು ಒಳಗೆ ಬಿಡುವುದಿಲ್ಲವಲ್ಲ. ಫಿಟ್ಸ್ ಸಣ್ಣದು, ಬೇಗ ನಿಂತಿತು ಎಂದಳು. ಮುಂದಿನದೂ ಸಣ್ಣದೇ ಬರುತ್ತದೆಂದು ಅದು ನಿನ್ನ ಹತ್ತಿರ ಹೇಳಿ ಹೋಗಿದೆಯಾ? ಡಾಕ್ಟರು ಹೊಸ ಮದ್ದು ಹಿಡಿದು ಕಾಯುತ್ತಿದ್ದಾರೆ, ನೀನು ಬೇಡವೇ ಬೇಡ ಎಂದು ಕೂತಿದ್ದೀ.

ನಿನ್ನ ಹೆದರಿಕೆ ನನಗೆ ಗೊತ್ತಿಲ್ಲ ಎಂದಲ್ಲ. ಮಗು ಶಾಲೆಯಲ್ಲಿ ಫಿಟ್ಸ್ ಬಂದು ಬಿದ್ದ ಮೇಲೆ ಆ ಮೊದಲಿನ ಮಾತ್ರೆ ಶುರುವಾಯಿತು. ಫಿಟ್ಸ್ ನಿಂತಿತು, ನಾವೂ ನೆಮ್ಮದಿಯಾದೆವು. ಆಮೇಲೆ ಜ್ವರ ಬಂತು, ಮೈತುಂಬ ಕೆಂಪು ಬೊಕ್ಕೆ ಎದ್ದಿತು. ನೀನು ನನ್ನ ಒಣ ಸಿಗಡಿ ಚಟ್ನಿಗೆ ಬೈದೆ. ನಾನು ನೀನು ಕೊಡಿಸಿದ ಬಣ್ಣದ ಐಸ್‌ಕ್ಯಾಂಡಿಗೆ ಬೈದೆ. ನಾವಿಬ್ಬರೂ ಕಚ್ಚಾಡುತ್ತಿದ್ದಾಗ ಮಾತ್ರೆ ಹೊತ್ತುಹೊತ್ತಿಗೆ ಹೊಟ್ಟೆಗೆ ಹೋಗುತ್ತಲೇ ಇತ್ತು. ಕಣ್ಣು ಕೆಂಪಾಗಿ, ತುಟಿ ಒಡೆದು, ಉಗುಳು ನುಂಗಲೂ ಆಗದೆ ಮಗು ಅತ್ತಾಗ ತಾನೇ ನಾವು ದೋಣಿ ಹತ್ತಿ ಆಚೆ ದಡದ ಆಸ್ಪತ್ರೆಗೆ ಓಡಿದ್ದು? ಡಾಕ್ಟರು ಮೊದಲು ಆ ಮಾತ್ರೆ ನಿಲ್ಲಿಸಿದರು. ಚಟ್ನಿಯೂ ಅಲ್ಲ, ಕ್ಯಾಂಡಿಯೂ ಅಲ್ಲ, ಈ ಮಾತ್ರೆಯೇ ಇವಳಿಗೆ ಆಗುವುದಿಲ್ಲ ಎಂದರು. ಚರ್ಮ ಎದ್ದು ಬಂದದ್ದಕ್ಕೆ ಸುಟ್ಟ ಗಾಯದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಕಣ್ಣಿಗೆ ಹನಿ ಹಾಕುವುದನ್ನು ನೀನು ಒಮ್ಮೆಯೂ ತಪ್ಪಿಸಲಿಲ್ಲವಂತೆ. ಅದನ್ನು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು, ಇನ್ನೊಮ್ಮೆ ಹೇಳುವುದಿಲ್ಲ.

ಆದರೆ ಅವತ್ತಿನಿಂದ ಯಾವ ಮದ್ದು ಕಂಡರೂ ನೀನು ಅಡ್ಡ ನಿಲ್ಲುತ್ತೀ. ಒಂದು ಆಗದಿದ್ದರೆ ಎಲ್ಲವೂ ಆಗುವುದಿಲ್ಲವಾ? ನನಗೂ ನಿನಗೂ ಆಗುವುದಿಲ್ಲ ಎಂದು ಬೆಂಗ್ರೆಯ ಕಾಗೆಗಳಿಗೂ ಗೊತ್ತು. ಹಾಗೆಂದು ಮನೆಗೆ ಸೊಸೆ ಎಂಬುವವಳೇ ಬೇಡ ಎಂದು ನಾನು ನನ್ನ ಮಗ ಲತೇಶನ ಹತ್ತಿರ ಹೇಳಿದೆನಾ?

ನಿನ್ನೆ ಡಾಕ್ಟರನ್ನು ಲಿಫ್ಟಿನ ಎದುರು ಹಿಡಿದೆ. ಹೊಸ ಮದ್ದು ಹಳೆಯದರ ಬರಿಯದ್ದಾ ಎಂದು ಕೇಳಿದೆ. ಪಾಪ, ಘಟ್ಟದ ಮೇಲಿನವರು, ಬರಿ ಎಂದರೆ ಏನು ಎಂದು ಕನ್ನಡಕ ಸರಿ ಮಾಡಿಕೊಂಡರು. ನಿಮ್ಮಲ್ಲಿ ಗೋತ್ರ ಇದ್ದ ಹಾಗೆ ನಮ್ಮಲ್ಲಿ ಬರಿ, ಅದು ತಾಯಿಯಿಂದ ಬರುವುದು, ಒಂದೇ ಬರಿಯೊಳಗೆ ನಾವು ಮದುವೆ ಮಾಡುವುದಿಲ್ಲ ಎಂದೆ. ಜಾನೆಟ್ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಡಾಕ್ಟರು ನಗಲಿಲ್ಲ. ಆ ಮಾತ್ರೆಗೆ ಅಣ್ಣತಮ್ಮಂದಿರ ಹಾಗಿನವು ಕೆಲವು ಇವೆ, ಅವೂ ಇವಳಿಗೆ ಹೀಗೇ ಮಾಡಬಹುದು, ಅವನ್ನು ಮುಟ್ಟಿಸುವುದಿಲ್ಲ, ಇದು ಬೇರೆ ಬರಿಯದ್ದೇ ಅಮ್ಮ ಎಂದರು. ಇದರಿಂದ ತೊಂದರೆಯೇ ಇಲ್ಲವೆಂದು ಬರೆದು ಕೊಡ್ತೀರಾ ಎಂದೆ. ಇಲ್ಲ, ಆದರೆ ಕಣ್ಣೆದುರೇ ಇಟ್ಟುಕೊಂಡು ನೋಡುತ್ತೇವೆ, ಫಿಟ್ಸನ್ನು ಹಾಗೇ ಬಿಟ್ಟರೆ ಹೆಚ್ಚು ಅಪಾಯ ಎಂದರು. ಬರೆದು ಕೊಡುತ್ತೇನೆ ಎಂದಿದ್ದರೆ ನಾನು ಅವರನ್ನು ನಂಬುತ್ತಿರಲಿಲ್ಲ.

ಲತೇಶ ಮಸ್ಕತ್ತಿನಿಂದ ತಾನೇ ಡಾಕ್ಟರಿಗೆ ಒಪ್ಪಿಗೆ ಹೇಳುತ್ತೇನೆ ಎಂದ. ಬಾಯಿ ಮುಚ್ಚಿಕೊಂಡು ಇರು ಎಂದೆ. ಮಗು ನಿನ್ನ ಬರಿಯವಳು, ನನ್ನ ಬರಿಯವಳಲ್ಲ, ಅವನ ಬರಿಯವಳೂ ಅಲ್ಲ. ನಿನ್ನ ತಲೆಯ ಮೇಲಿಂದ ಹಾದು ನಾವು ಮದ್ದು ಕೊಡಿಸಿದರೆ, ಮನೆಗೆ ಬಂದ ಮೇಲೆ ದಿನಾ ಕೊಡಬೇಕಾದ ನಿನ್ನ ಕೈ ನಡುಗುತ್ತದೆ. ನಡುಗುವ ಕೈ ಕಂಡರೆ ಮಗು ಬಾಯಿ ತೆರೆಯುವುದಿಲ್ಲ. ಆ ಕೈ ಗಟ್ಟಿಯಾಗಬೇಕು ಅಶ್ಮಿತಾ, ಇವತ್ತೇ ಆಗಬೇಕು.

ಆಗದ ಮಾತ್ರೆಯ ಹೆಸರನ್ನು ಜಾನೆಟ್ ಹತ್ತಿರ ಕನ್ನಡದಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಕಾರ್ಬಮಜೆಪಿನ್. ನನ್ನ ನಾಲಗೆಗೆ ಹೊರಳದ ಶಬ್ದ ಇದೊಂದೇ. ದೋಣಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದರೆ ಪಕ್ಕದ ಮನೆಯ ಬೂಬಣ್ಣ, ಎಂತ ಬಾಗಿಯಕ್ಕ, ಮಂತ್ರವಾ, ಚಟ್ನಿ ಕೊಟ್ಟು ಮೊಮ್ಮಗಳ ಚರ್ಮ ಎಬ್ಬಿಸಿದ್ದಕ್ಕೆ ಪರಿಹಾರವಾ ಎಂದು ಕೇಳಿದ. ಹೌದು ಮಾರಾಯ, ನಿನ್ನ ಮನೆಗೂ ಒಂದು ಡಬ್ಬಿ ಕಳಿಸ್ತೇನೆ ಎಂದೆ. ನಿರೀಕ್ಷಾಳ ಬಾಯಿ ಹುಣ್ಣು ಮಾಯಲಿ, ಅವಳಿಗೂ ಕಲಿಸುತ್ತೇನೆ. ನಾವಿಬ್ಬರೂ ಇಲ್ಲದ ಕಡೆ ಯಾರಾದರೂ ಅದನ್ನು ಚಾಚಿದರೆ, ಇದು ನನಗೆ ಆಗುವುದಿಲ್ಲ ಎಂದು ಹೆಸರು ಹಿಡಿದು ಅವಳೇ ಹೇಳಬೇಕು.

ಮಧ್ಯಾಹ್ನ ಬುತ್ತಿ ತೆಗೆದುಕೊಳ್ಳಲು ಬರುತ್ತೇನೆ. ಅದರ ಜೊತೆ, ನೀನು ಡಾಕ್ಟರಿಗೆ ಹೂಂ ಎಂದ ಸುದ್ದಿ ಬರಲಿ. ಬಾರದಿದ್ದರೆ ಸಂಜೆಗೆ ಇನ್ನೊಂದು ಕಾಗದ, ಇದಕ್ಕಿಂತ ಉದ್ದದ್ದು.

ನಿನಗೆ ಆಗದ, ಆದರೆ ನಿನ್ನನ್ನು ಬಿಡದ ಮಾಮಿ,
ಬಾಗಿ

ತಾ.ಕ.: ಕೆಳಗಿನ ಡಬ್ಬಿಯಲ್ಲಿ ಒಣ ಸಿಗಡಿ ಚಟ್ನಿ ಉಂಟು, ನಿನಗೆ. ನೀನು ಸರಿಯಾಗಿ ಉಣ್ಣುವುದಿಲ್ಲ ಎಂದು ಜಾನೆಟ್ ದೂರು ಹೇಳಿದ್ದಾಳೆ. ಹೆದರದೆ ತಿನ್ನು. ಚಟ್ನಿಯಿಂದಲೇ ಹೀಗಾಯಿತು ಎಂದು ಬೆಂಗ್ರೆಯಲ್ಲಿ ಸುದ್ದಿ ಹಬ್ಬಿಸಿದ್ದು ನಾನೇ. ತಾಯಿಯೇ ಕೈಯಾರೆ ಕೊಟ್ಟ ಮಾತ್ರೆಯಿಂದ ಹೀಗಾಯಿತು ಎಂದು ಯಾರಾದರೂ ಅಂದರೆ ಅದು ನಿನ್ನ ಕಿವಿಗೆ ಬೀಳುತ್ತದೆ. ಆ ಮಾತು ನಿನಗೆ ಆಗುವುದಿಲ್ಲ.